ಫ್ಲಾಂಬರೋ ಕಡಲಿನ ಪರೀಕ್ಷೆ

ನಮ್ಮ ಕಾಸರಗೋಡಿನ ಬೋಟಿನವರೂ ಈಗ ಜಿಪಿಎಸ್ ನೋಡಿಯೇ ದಾರಿ ಹಿಡಿಯುವುದು. ಅದು ಕೈಕೊಟ್ಟರೆ ಏನು ಗತಿ? ಬ್ರಿಟನ್ನಿನ ದೀಪಸ್ತಂಭ ಇಲಾಖೆಯವರು 2008ರಲ್ಲಿ ಹಡಗು ಓಡಿಸಿಯೇ ಇದನ್ನು ನೋಡಿದರು.

ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಫ್ಲಾಂಬರೋ ಹೆಡ್ ಎಂಬ ಭೂಶಿರ ಉಂಟು. ಅಲ್ಲಿಂದ ಸಣ್ಣ ಯಂತ್ರವೊಂದರ ಮೂಲಕ ಜಿಪಿಎಸ್ ತರಂಗಕ್ಕೆ ಬೇಕೆಂದೇ ಅಡ್ಡಿ ಮಾಡಿ, 'ಪೋಲ್ ಸ್ಟಾರ್' ಎಂಬ ಹಡಗನ್ನು ಆ ಅಡ್ಡಿಯೊಳಗೆ ನಡೆಸಿದರು. ಉಪಗ್ರಹ ಇರುವುದು ಸುಮಾರು 20,200 ಕಿ.ಮೀ. ಎತ್ತರದಲ್ಲಿ, ಕೆಳಗೆ ಮುಟ್ಟುವಾಗ ಅದರ ತರಂಗ ತೀರಾ ಕ್ಷೀಣ. ಅದನ್ನು ಅಡಗಿಸಲು ದೊಡ್ಡ ಯಂತ್ರವೇನೂ ಬೇಡ. ಹಡಗಿನಲ್ಲಿ ಒಂದರ ಹಿಂದೊಂದು ಅಲಾರಂ ಕೂಗಿದವು. ಕೂಗಿದ್ದೇ ಒಳ್ಳೆಯದಾಯಿತು ಅನ್ನಬೇಕು. ಕೆಲವು ಸಲ ಉಪಕರಣ ಸುಮ್ಮನೆ ತಪ್ಪು ಜಾಗವನ್ನೇ ತೋರಿಸಿತ್ತು.

ಅದೇ ಹಡಗಿನ ಇ-ಲೋರಾನ್ ಮಾತ್ರ ಅಲುಗಲಿಲ್ಲ. ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕದವರು ಕಟ್ಟಿದ ಲೋರಾನಿನ ಮೊಮ್ಮಗ ಇದು. ನೆಲದ ಗೋಪುರಗಳಿಂದ 100 ಕಿಲೋಹರ್ಟ್ಸಿನ ಬಲವಾದ ತರಂಗ ಹೊರಡುತ್ತದೆ. ಬೇರೆ ಬೇರೆ ಗೋಪುರದ್ದು ಬಂದು ಮುಟ್ಟಿದ ಹೊತ್ತನ್ನು ಲೆಕ್ಕಹಾಕಿದರೆ ಜಾಗ ಸಿಗುತ್ತದೆ. ಇದನ್ನು ಅಡಗಿಸಬೇಕಾದರೆ ಭಾರೀ ಆಂಟೆನಾವೇ ಬೇಕು.

2014ರ ಅಕ್ಟೋಬರಿನಲ್ಲಿ ಡೋವರ್ ಮತ್ತು ಪೂರ್ವ ಕರಾವಳಿಯ ಬಂದರುಗಳಿಗೆ ಇದರ ಸೇವೆ ಶುರುವಾಯಿತು. ಆದರೆ ಬ್ರಿಟನ್ನಿನ ಸ್ವಂತದ್ದು ಆಂಥಾರ್ನ್ ಎಂಬಲ್ಲಿನ ಒಂದೇ ಕೇಂದ್ರ. ಉಳಿದದ್ದಕ್ಕೆ ನೆರೆಯವರನ್ನೇ ನಂಬಿದ್ದರು. ಫ್ರಾನ್ಸ್, ನಾರ್ವೆಗಳು 2015ರ ಕೊನೆಗೆ ತಮ್ಮ ಕೇಂದ್ರಗಳನ್ನು ನಿಲ್ಲಿಸಿಬಿಟ್ಟವು. ಪರೀಕ್ಷೆಯಲ್ಲಿ ಗೆದ್ದದ್ದು ಖರ್ಚಿನ ಪಟ್ಟಿಯಲ್ಲಿ ಸೋತಿತು. ಒಂದೇ ಗೋಪುರದಿಂದ ಜಾಗ ಹೇಳುವುದಕ್ಕೆ ಆಗುವುದಿಲ್ಲವಲ್ಲ. ಆಮೇಲೆ ಆಂಥಾರ್ನ್ ಉಳಿದದ್ದು ನಿಖರ ಸಮಯ ಹೇಳುವುದಕ್ಕೆ ಮಾತ್ರ.