ಮೂಳೆ ಒಪ್ಪಿದ ಲೋಹ: ದಂತ ಇಂಪ್ಲಾಂಟ್ ಚರಿತ್ರೆಯ ಒಂದು ಮರುಪರಿಶೀಲನೆ

ದಂತ ಇಂಪ್ಲಾಂಟ್‌ನ ಚರಿತ್ರೆ ಸಾಮಾನ್ಯವಾಗಿ ಒಂದು ಮೊಲದಿಂದ ಶುರುವಾಗುತ್ತದೆ. 1950ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ಯುವ ಸಂಶೋಧಕರು ರಕ್ತಸಂಚಾರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲೆಂದು ಮೊಲದ ಕಾಲಿನ ಮೂಳೆಯೊಳಗೆ ಟೈಟಾನಿಯಂನ ಪುಟ್ಟ ಸಾಧನವೊಂದನ್ನು ಕೂರಿಸಿದರು. ಪ್ರಯೋಗ ಮುಗಿದ ಮೇಲೆ ತೆಗೆಯಹೋದರೆ ಅದು ಮೂಳೆಗೆ ಕಚ್ಚಿಕೊಂಡಿತ್ತು. ಕಥೆ ನಿಜವೇ. ಆದರೆ ಈ ಸಂಗತಿಯನ್ನು ಮೊದಲು ಕಂಡವರು ಅವರಲ್ಲ. 1940ರಲ್ಲೇ ಬೋಥ್ ಮತ್ತು ಸಂಗಡಿಗರು ಪ್ರಾಣಿಗಳ ಮೂಳೆ ಟೈಟಾನಿಯಂಗೆ ಬೆಸೆದುಕೊಳ್ಳುವ ಒಲವು ತೋರುತ್ತದೆಂದು ವರದಿ ಮಾಡಿದ್ದರು. 1951ರಲ್ಲಿ ಗಾಟ್ಲೀಬ್ ಲೆವೆಂಥಾಲ್ ಇಲಿಗಳ ತೊಡೆಮೂಳೆಗೆ ಟೈಟಾನಿಯಂ ಸ್ಕ್ರೂ ಹಾಕಿ ನೋಡಿದರು. ಹದಿನಾರು ವಾರ ಕಳೆದ ಮೇಲೆ ಬಿಚ್ಚಲು ಹೋದಾಗ ಸ್ಕ್ರೂ ಬರಲಿಲ್ಲ, ಮೂಳೆಯೇ ಮುರಿಯಿತು.

ಬ್ರೋನೆಮಾರ್ಕ್ ಅವರ ಹೆಚ್ಚುಗಾರಿಕೆಯನ್ನು ಹಾಗಾದರೆ ಬೇರೆ ಕಡೆ ಹುಡುಕಬೇಕು. ಕಾಯುವುದನ್ನೂ ಲೆಕ್ಕ ಇಡುವುದನ್ನೂ ಅವರು ಚಿಕಿತ್ಸೆಯ ಅಂಗವಾಗಿಸಿದರು ಎಂಬುದು ಈ ಲೇಖನದ ವಾದ.

ಹಲ್ಲು ಹೋದ ಜಾಗಕ್ಕೆ ಇನ್ನೊಂದನ್ನು ನೆಡುವ ಆಸೆ ಬಹಳ ಹಳೆಯದು. 1931ರಲ್ಲಿ ಹೊಂಡುರಾಸ್‌ನ ಉಲುವಾ ಕಣಿವೆಯಲ್ಲಿ ಪೊಪೆನೊ ದಂಪತಿಗೆ ಸಿಕ್ಕ, ಕ್ರಿ.ಶ. 600ರ ಆಸುಪಾಸಿನ ಮಾಯಾ ದವಡೆಯ ತುಣುಕಿನಲ್ಲಿ ಮೂರು ಬಾಚಿಹಲ್ಲುಗಳ ಜಾಗದಲ್ಲಿ ಹಲ್ಲಿನಾಕಾರಕ್ಕೆ ಕೆತ್ತಿದ ಚಿಪ್ಪಿನ ಚೂರುಗಳಿವೆ. ಹೆಣದ ಅಲಂಕಾರಕ್ಕೆ ಸಿಕ್ಕಿಸಿದ್ದಿರಬೇಕೆಂದು ಮೊದಲು ಭಾವಿಸಲಾಗಿತ್ತು. 1970ರಲ್ಲಿ ಬ್ರೆಜಿಲ್‌ನ ದಂತವೈದ್ಯ ಅಮಡೆಯೊ ಬೊಬ್ಬಿಯೊ ಎಕ್ಸ್‌ರೇ ತೆಗೆದು, ಎರಡು ಚೂರುಗಳ ಸುತ್ತ ಗಟ್ಟಿ ಮೂಳೆ ಬೆಳೆದಿರುವುದನ್ನು ತೋರಿಸಿದರು. ಸತ್ತವರ ದವಡೆಯಲ್ಲಿ ಮೂಳೆ ಬೆಳೆಯುವುದಿಲ್ಲ. ಆದರೂ ಇದನ್ನು ಇಂಪ್ಲಾಂಟ್ ಪರಂಪರೆಯ ಮೂಲವೆನ್ನುವುದು ಉತ್ಸಾಹದ ಮಾತು. ಆ ಕೌಶಲದಿಂದ ನಂತರದ ಯಾರೂ ಏನನ್ನೂ ಕಲಿತಿಲ್ಲ.

ಹದಿನೆಂಟನೆಯ ಶತಮಾನದ ಲಂಡನ್ನಿನದು ಬೇರೆಯೇ ಕಥೆ. ಶಸ್ತ್ರವೈದ್ಯ ಜಾನ್ ಹಂಟರ್ ಮನುಷ್ಯನ ಹಲ್ಲೊಂದನ್ನು ಹುಂಜದ ಜುಟ್ಟಿನಲ್ಲಿ ನೆಟ್ಟು ಅದು ಅಲ್ಲಿ ನೆಲೆಯೂರಿತೆಂದು ಸಾರಿದರು. ಆ ಮಾದರಿ ಲಂಡನ್ನಿನ ಹಂಟೇರಿಯನ್ ಮ್ಯೂಸಿಯಂನಲ್ಲಿದೆ. ಅವರ ಹೆಸರಿನ ಬಲದಿಂದ, ಬಡವರ ಬಾಯಿಂದ ಕಿತ್ತ ಹಲ್ಲನ್ನು ಬಿಸಿಯಾರುವ ಮುಂಚೆ ಸಿರಿವಂತರ ಬಾಯಿಗೆ ಕೂರಿಸುವ ಪದ್ಧತಿ ಚಾಲ್ತಿಗೆ ಬಂತು. 1787ರಲ್ಲಿ ಥಾಮಸ್ ರೋಲಂಡ್‌ಸನ್ ಇದನ್ನು ವ್ಯಂಗ್ಯಚಿತ್ರವಾಗಿಸಿದರು: ಚಿಮಣಿ ಗುಡಿಸುವ ಹುಡುಗನ ಹಲ್ಲು ಕೀಳಲಾಗುತ್ತಿದೆ, ಪಕ್ಕದಲ್ಲೇ ಅದಕ್ಕಾಗಿ ಕಾದ ಶ್ರೀಮಂತ ಹೆಂಗಸು ಕುಳಿತಿದ್ದಾಳೆ. ನೆಟ್ಟ ಹಲ್ಲುಗಳು ಹೆಚ್ಚು ದಿನ ನಿಲ್ಲಲಿಲ್ಲ. ಸಿಫಿಲಿಸ್ ಹರಡುವ ಭಯವೂ ಸೇರಿ ಪದ್ಧತಿ ಅಳಿಯಿತು. ಅಳಿದದ್ದೇ ಒಳ್ಳೆಯದಾಯಿತು.

ಲೋಹದ ಕಾಲದಲ್ಲಿ ನಿಂತು ನೋಡಬೇಕಾದ ಹೆಸರು ಅಮೆರಿಕದ ಕಾನ್ಸಾಸ್‌ನ ಇ. ಜೆ. ಗ್ರೀನ್‌ಫೀಲ್ಡ್. ಇರಿಡಿಯಂ-ಪ್ಲಾಟಿನಂ ತಂತಿಯನ್ನು ಚಿನ್ನದ ಬೆಸುಗೆ ಹಾಕಿ ಬುಟ್ಟಿಯಾಕಾರಕ್ಕೆ ತಂದು, ಅಷ್ಟೇ ಅಳತೆಯ ಕುಳಿ ಕೊರೆದು ಅವರು ದವಡೆಗಿಳಿಸಿದರು. ಕೂಡಲೇ ಮೇಲೆ ಹಲ್ಲು ಕೂರಿಸದೆ ಮೂಳೆ ತುಂಬಿಕೊಳ್ಳಲು ಬಿಡಬೇಕೆಂದು 1913ರ ಹೊತ್ತಿಗೇ ಬರೆದಿದ್ದರು. ಈ ಮಾತನ್ನು ಮುಂದಿನವರು ಅರ್ಧ ಶತಮಾನ ಮರೆತರು. 1930ರ ದಶಕದಲ್ಲಿ ಬೋಸ್ಟನ್ನಿನ ಸ್ಟ್ರಾಕ್ ಸಹೋದರರು ವಿಟಾಲಿಯಂ ಸ್ಕ್ರೂ ಬಳಸಿದರು; 1960ರ ದಶಕದಲ್ಲಿ ಲಿಯೊನಾರ್ಡ್ ಲಿಂಕೋ ಅಲಗಿನಾಕಾರದ ಇಂಪ್ಲಾಂಟ್ ತಂದರು. ಬಹುಪಾಲು ಇಂಪ್ಲಾಂಟ್‌ಗಳ ಸುತ್ತ ಮೂಳೆಯ ಬದಲು ನಾರಿನ ಪದರ ಬೆಳೆಯುತ್ತಿತ್ತು. ಸಹಜ ಹಲ್ಲಿನ ಬೇರನ್ನು ಹಿಡಿದಿರುವ ತಂತುಗಳಂತೆ ಇದೂ ಒಂದು ಮೆತ್ತೆ, ಇದ್ದರೇ ಲೇಸು ಎಂದು ಸಮರ್ಥಿಸಿದವರೂ ಇದ್ದರು. ಸೋಲನ್ನೇ ಸಿದ್ಧಾಂತವಾಗಿಸಿದ ಈ ವಾದ ಇಂಪ್ಲಾಂಟ್ ಚರಿತ್ರೆಯ ಅತ್ಯಂತ ಕುತೂಹಲಕರ ಅಧ್ಯಾಯವೆಂದು ನನಗನ್ನಿಸುತ್ತದೆ.

ಗೋಥೆನ್‌ಬರ್ಗ್‌ಗೆ ಬಂದಿದ್ದ ಬ್ರೋನೆಮಾರ್ಕ್ 1965ರಲ್ಲಿ ಯೊಸ್ಟಾ ಲಾರ್ಸನ್ ಎಂಬುವರ ಕೆಳದವಡೆಗೆ ನಾಲ್ಕು ಟೈಟಾನಿಯಂ ಸ್ಕ್ರೂ ಕೂರಿಸಿದರು. ಹುಟ್ಟಿನಿಂದಲೇ ದವಡೆಯ ದೋಷವಿದ್ದ ಲಾರ್ಸನ್‌ಗೆ ಅಲ್ಲಿ ಹಲ್ಲೇ ಇರಲಿಲ್ಲ. ಸ್ಕ್ರೂಗಳನ್ನು ಒಸಡಿನಡಿ ಮುಚ್ಚಿ, ತಿಂಗಳುಗಟ್ಟಲೆ ಭಾರ ಹಾಕದೆ ಬಿಟ್ಟು, ಎರಡನೆಯ ಶಸ್ತ್ರಕ್ರಿಯೆಯಲ್ಲಿ ತೆರೆದು ಹಲ್ಲು ಕಟ್ಟುವುದು ಅವರ ಕ್ರಮ. ಕೆಳದವಡೆಗೆ ಮೂರು ತಿಂಗಳು, ಮೂಳೆ ಮೆತ್ತಗಿರುವ ಮೇಲ್ದವಡೆಗೆ ಆರು ತಿಂಗಳು ಎಂಬ ವಾಡಿಕೆ ಬೆಳೆದದ್ದು ಹೀಗೆ. ಕೊರೆಯುವಾಗಿನ ಶಾಖವೂ ಮುಖ್ಯ. ಒಂದು ನಿಮಿಷ 47 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೂ ಮೂಳೆಗೆ ಪೆಟ್ಟು ಬೀಳುತ್ತದೆಂದು ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ 1983ರಲ್ಲಿ ಮೊಲಗಳಲ್ಲಿ ತೋರಿಸಿದರು. ಇಂದಿಗೂ ಡ್ರಿಲ್ ಜೊತೆಗೆ ತಣ್ಣನೆಯ ಸಲೈನ್ ಹರಿಯುವುದು ಅದಕ್ಕೇ.

ಸ್ವದೇಶದ ದಂತವೈದ್ಯರು ಬಹುಕಾಲ ಇದನ್ನು ನಂಬಲಿಲ್ಲ. ನಂಬಿಸಿದ್ದು ಕಡತ. 1977ರಲ್ಲಿ ಹತ್ತು ವರ್ಷಗಳ ವರದಿ ಬಂತು. 1981ರಲ್ಲಿ ಹದಿನೈದು ವರ್ಷಗಳದ್ದು: 371 ರೋಗಿಗಳ 410 ಹಲ್ಲಿಲ್ಲದ ದವಡೆಗಳು, 2,768 ಸ್ಕ್ರೂಗಳು. 1982ರಲ್ಲಿ ಜಾರ್ಜ್ ಜಾರ್ಬ್ ಏರ್ಪಡಿಸಿದ ಟೊರೊಂಟೊ ಸಮ್ಮೇಳನದಲ್ಲಿ ಉತ್ತರ ಅಮೆರಿಕ ಒಪ್ಪಿತು. ಈ ಅಂಕಿಗಳೆಲ್ಲ ಹಲ್ಲುಗಳು ಪೂರ್ತಿ ಉದುರಿದವರವು. ಒಂದೇ ಹಲ್ಲಿನ ಜಾಗಕ್ಕೆ ಒಂದು ಇಂಪ್ಲಾಂಟ್ ಎಂಬ ಇಂದಿನ ಬಳಕೆ ಬಂದದ್ದು ಆಮೇಲೆ. 1986ರಲ್ಲಿ ಆಲ್ಬ್ರೆಕ್ಟ್‌ಸನ್ ಮತ್ತು ಸಂಗಡಿಗರು ಯಶಸ್ಸಿಗೆ ಅಳತೆಗೋಲು ಕೊಟ್ಟರು: ಮೊದಲ ವರ್ಷ ಕಳೆದ ಮೇಲೆ ಮೂಳೆ ವರ್ಷಕ್ಕೆ 0.2 ಮಿಲಿಮೀಟರ್‌ಗಿಂತ ಹೆಚ್ಚು ಸವೆಯಬಾರದು. ಬ್ರೋನೆಮಾರ್ಕ್ 2014ರಲ್ಲಿ ತೀರಿಕೊಂಡರು.

ದೇಶದಲ್ಲೇ ಅತಿ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿರುವ ನಮ್ಮ ರಾಜ್ಯದಲ್ಲಿ ಈಗ ತಾಲ್ಲೂಕು ಪಟ್ಟಣಗಳ ಕ್ಲಿನಿಕ್‌ಗಳ ಬೋರ್ಡಿನಲ್ಲೂ ಇಂಪ್ಲಾಂಟ್ ಎಂದು ಕಾಣುತ್ತದೆ. ಹಲ್ಲು ಹಾಕಿಸಿಕೊಂಡವರು ಅದರ ಕಂಪನಿ, ಅಳತೆ, ಕೂರಿಸಿದ ದಿನಾಂಕಗಳಿರುವ ಕಾರ್ಡನ್ನು ಡಾಕ್ಟರಿಂದ ಕೇಳಿ ಪಡೆದು ಜೋಪಾನವಾಗಿಡಬೇಕು. ಒಂದು ಕಂಪನಿಯ ಬಿಡಿಭಾಗ ಇನ್ನೊಂದಕ್ಕೆ ಹೊಂದುವುದು ಅಪರೂಪ. ಹತ್ತು ವರ್ಷದ ನಂತರ ಮೇಲಿನ ಸ್ಕ್ರೂ ಸಡಿಲಾದರೆ, ಬೇರೆ ಊರಿನ ಡಾಕ್ಟರಿಗೆ ಮೊದಲು ಬೇಕಾಗುವುದು ಆ ಕಾರ್ಡೇ.