ಚೆಂಡು ತಾಗಿದ ಮೇಲಿನ ಆರು ವಾರ: ಹಾಸನ ಸೀಮೆಯ ವಾಲಿಬಾಲ್ ಆಟಗಾರರ ಬೆರಳ ಪೆಟ್ಟು ಮತ್ತು ಫಿಸಿಯೋಥೆರಪಿ

ವಾಲಿಬಾಲ್ ಅಂಗಳದಲ್ಲಿ ಬೆರಳಿಗೆ ಪೆಟ್ಟು ಬಿದ್ದ ಕೂಡಲೇ ಹಾಸನ ಸೀಮೆಯಲ್ಲಿ ಕೇಳಿಬರುವ ಮೊದಲ ಮಾತು: 'ಉಳ್ಕೈತೆ ಕಣ್ಲಾ, ಎಳ್ದು ಬುಟ್ರೆ ಸರಿ ಹೋಯ್ತದೆ.' ಮಾತು ಮುಗಿಯುವುದರೊಳಗೆ ಪಕ್ಕದ ಆಟಗಾರ ಬೆರಳ ತುದಿ ಹಿಡಿದು ಎಳೆದಾಗಿರುತ್ತದೆ. ನೆಟಿಗೆಯ ಸದ್ದು ಬಂದರೆ ಎಲ್ಲರಿಗೂ ಸಮಾಧಾನ, ಆಟ ಮುಂದುವರಿಯುತ್ತದೆ. ಈ ಲೇಖನದ ವಾದ ಆ ಗಳಿಗೆಯಿಂದಲೇ ಹೊರಡುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಆಟಗಾರನ ಬೆರಳು ಸೊಟ್ಟಗಾಗಿ ಉಳಿಯುವುದಕ್ಕೆ ಚೆಂಡಿಗಿಂತ ಹೆಚ್ಚಾಗಿ ಅದರ ನಂತರದ ಆರು ವಾರ ಕಾರಣ. ಆ ಆರು ವಾರ ಅವನ ಮನೆ, ಕೊಟ್ಟಿಗೆ, ಬಸ್ಸಿನ ದಾರಿಯಲ್ಲಿ ಕಳೆಯುವುದರಿಂದ ಚಿಕಿತ್ಸೆಯ ಯೋಜನೆಯೂ ಅಲ್ಲಿಗೆ ಹೊಂದಬೇಕು.

ಅಂತರರಾಷ್ಟ್ರೀಯ ವಾಲಿಬಾಲ್ ಫೆಡರೇಶನ್ನಿನ ಪ್ರಮುಖ ಟೂರ್ನಿಗಳಲ್ಲಿ 2010ರಿಂದ 2014ರವರೆಗೆ ದಾಖಲಾದ ಗಾಯಗಳಲ್ಲಿ ಪಾದದ ಕೀಲಿನ ಪಾಲು ಶೇ. 25.9, ಮಂಡಿಯದು ಶೇ. 15.2, ಬೆರಳು ಮತ್ತು ಹೆಬ್ಬೆರಳಿನದು ಶೇ. 10.7. ವೈದ್ಯರು, ಫಿಸಿಯೋಥೆರಪಿಸ್ಟರು ಅಂಗಳದ ಪಕ್ಕದಲ್ಲೇ ಕುಳಿತಿರುವ ಟೂರ್ನಿಗಳ ಲೆಕ್ಕವಿದು. ಜಾತ್ರೆ, ಗಣೇಶೋತ್ಸವ, ರಾಜ್ಯೋತ್ಸವಕ್ಕೆ ನಡೆಯುವ ನಮ್ಮ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಕುಂಟುವವನನ್ನು ಹೊರಗೆ ಕೂರಿಸುತ್ತಾರೆ. ಬೆರಳು ಊದಿದವನು ಇನ್ಸುಲೇಷನ್ ಟೇಪ್ ಸುತ್ತಿಕೊಂಡು ಮತ್ತೆ ನೆಟ್ಟಿನ ಮುಂದೆ ನಿಲ್ಲುತ್ತಾನೆ.

ಪೆಟ್ಟಿನ ಬಗೆ

ಬೆರಳಿನೊಳಗೆ ಮಾಂಸಖಂಡವಿಲ್ಲ. ಮಡಚುವ, ಚಾಚುವ ಬಲವೆಲ್ಲ ಮುಂದೋಳಿನ ಮತ್ತು ಅಂಗೈಯ ಸ್ನಾಯುಗಳದು. ಅವುಗಳ ಹುರಿಗಳು, ಅಂದರೆ ಸ್ನಾಯುರಜ್ಜುಗಳು, ಬೆರಳ ಮೇಲೂ ಕೆಳಗೂ ಹಾದು ಎಲುಬಿಗೆ ಅಂಟಿಕೊಂಡಿವೆ. ಪ್ರತಿ ಗೆಣ್ಣಿನ ಎರಡು ಮಗ್ಗುಲಲ್ಲೂ ಅಸ್ಥಿರಜ್ಜು, ಅಂಗೈ ಕಡೆಗೆ ಒಂದು ಗಟ್ಟಿ ಪಟ್ಟಿ. 260ರಿಂದ 280 ಗ್ರಾಂ ತೂಕದ ಚೆಂಡು ಸ್ಮ್ಯಾಶಿನ ವೇಗದಲ್ಲಿ ಬಂದು ಬ್ಲಾಕಿಗೆ ಏಳುತ್ತಿರುವ ಬೆರಳಿನ ತುದಿಗೇ ನೇರವಾಗಿ ಬಡಿದಾಗ, ಈ ಸಣ್ಣ ರಚನೆಗಳಲ್ಲಿ ಯಾವುದು ಹರಿಯಿತು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಹೊರಗಿನಿಂದ ಕಾಣುವುದು ಮಾತ್ರ ಒಂದೇ ಬಗೆಯ ಊತ.

ತುದಿಗೆಣ್ಣಿನ ಪೆಟ್ಟನ್ನು ವಿವರವಾಗಿ ನೋಡಬೇಕು, ಏಕೆಂದರೆ ಅತಿ ಹೆಚ್ಚು ಅಸಡ್ಡೆಗೆ ಸಿಗುವುದು ಅದೇ. ಚಾಚಿದ ಬೆರಳಿನ ತುದಿ ಚೆಂಡಿನ ಹೊಡೆತಕ್ಕೆ ಥಟ್ಟನೆ ಮಡಚಿಕೊಂಡಾಗ ಮೇಲಿನ ಹುರಿ ಹರಿಯುತ್ತದೆ, ಇಲ್ಲವೇ ಎಲುಬಿನ ಚೂರೊಂದನ್ನು ಕಿತ್ತುಕೊಂಡು ಬರುತ್ತದೆ. ಬೆರಳ ತುದಿ ಜೋಲುತ್ತದೆ, ತಾನಾಗಿ ನೆಟ್ಟಗಾಗದು. ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆ ಬೇಡ. ತುದಿಗೆಣ್ಣನ್ನು ಮಾತ್ರ ನೇರವಾಗಿ ಹಿಡಿಯುವ ಸ್ಪ್ಲಿಂಟ್ ಹಾಕಿ, ನಡುಗೆಣ್ಣನ್ನು ಬಿಡುವಾಗಿಟ್ಟು, ಹಗಲೂ ರಾತ್ರಿ ಆರರಿಂದ ಎಂಟು ವಾರ ಕಾಯಬೇಕು. ಷರತ್ತು ಒಂದೇ, ಆದರೆ ಕಠಿಣ: ಈ ಅವಧಿಯಲ್ಲಿ ತುದಿ ಒಮ್ಮೆ ಮಡಚಿದರೂ ಕೂಡುತ್ತಿದ್ದ ಹುರಿ ಮತ್ತೆ ಬಿಟ್ಟುಕೊಳ್ಳಬಹುದು, ಎಣಿಕೆ ಮೊದಲಿನಿಂದ ಶುರುವಾಗಬೇಕು. ಸ್ಪ್ಲಿಂಟ್ ಒಳಗಿನ ಚರ್ಮ ಬೆವರಿಗೆ ಬಿಳಿಚಿ ಮೆತ್ತಗಾದಾಗ ತೊಳೆಯಲೇಬೇಕಲ್ಲ? ಆಗ ಬೆರಳನ್ನು ಮೇಜಿನ ಮೇಲೆ ಒತ್ತಿಟ್ಟು, ತುದಿ ಎತ್ತಿ ಹಿಡಿದಿರುವಂತೆಯೇ ಸ್ಪ್ಲಿಂಟ್ ಜಾರಿಸಿ, ಒರೆಸಿ, ಒಣಗಿಸಿ, ಮತ್ತೆ ಏರಿಸಬೇಕು. ಇದನ್ನು ಹೇಳಿದರೆ ಸಾಲದು. ಆಟಗಾರನ ಕೈಯಲ್ಲೇ ಎರಡು ಬಾರಿ ಮಾಡಿಸಿ ನೋಡಿ ಕಳಿಸಬೇಕು.

ಈಗ ಈ ಸೂಚನೆ ಹೊತ್ತು ಹಳ್ಳಿಗೆ ಹೋಗುವ ಕಾಲೇಜು ಹುಡುಗನ ದಿನವನ್ನು ನೋಡೋಣ. ಬೆಳಗ್ಗೆ, ಸಂಜೆ ಡೇರಿಗೆ ಹಾಲು ಹಾಕುವ ಮನೆ ಅದು. ಹಸು ಕರೆಯುವಾಗ ಹೆಬ್ಬೆರಳು ಮಡಚಿ, ಉಳಿದ ಬೆರಳುಗಳಿಂದ ತೊಟ್ಟನ್ನು ಒತ್ತಿ ಹಿಂಡುವ ಕ್ರಮ ನಮ್ಮಲ್ಲಿ ಸಾಮಾನ್ಯ. ಆ ಹಿಡಿತದಲ್ಲಿ ಗೆಣ್ಣುಗಳೆಲ್ಲ ನೂರಾರು ಸಲ ಮಡಚುತ್ತವೆ. ಸ್ಪ್ಲಿಂಟ್ ಹಾಕಿಕೊಂಡು ಕರೆಯಲಾಗದು. 'ಹಾಲು ಕರೆಯೋವಾಗ ಮಾತ್ರ ಬಿಚ್ಚಿದ್ದೆ' ಎನ್ನುವವನ ಬೆರಳು ಮೂರನೇ ವಾರಕ್ಕೆ ಮತ್ತೆ ಜೋಲುತ್ತದೆ. ಶಿಸ್ತಿಲ್ಲದ ರೋಗಿ ಎಂದು ಅವನನ್ನು ದೂರುವುದು ತಪ್ಪು. ಮೊದಲ ಭೇಟಿಯಲ್ಲೇ 'ಮನೇಲಿ ಹಸು ಯಾರು ಕರೀತಾರಪ್ಪ?' ಎಂದು ಕೇಳಬೇಕಿತ್ತು. ಸಾಧ್ಯವಿದ್ದರೆ ಅವನ ತಾಯಿಯನ್ನೋ ಅಣ್ಣನನ್ನೋ ಕರೆಸಿ, ಇಷ್ಟು ವಾರ ಆ ಕೆಲಸ ಬೇರೆಯವರದು ಎಂದು ಒಪ್ಪಿಸುವುದು ಸ್ಪ್ಲಿಂಟಿನಷ್ಟೇ ಮುಖ್ಯವಾದ ಚಿಕಿತ್ಸೆ.

ನಡುಗೆಣ್ಣಿನ ಲೆಕ್ಕ ಬೇರೆ. ಅಲ್ಲಿ ಬರಿಯ ಉಳುಕಾದರೆ ಪಕ್ಕದ ಬೆರಳಿಗೆ ಜೋಡಿಸಿ, ನಡುವೆ ಹತ್ತಿಯಿಟ್ಟು ಟೇಪ್ ಸುತ್ತಿ, ಕೆಲವೇ ದಿನಗಳಲ್ಲಿ ಮೆಲ್ಲನೆ ಆಡಿಸಲು ತೊಡಗಬೇಕು. ಮೇಲಿನ ನಡುಹುರಿ ಹರಿದಿದ್ದರೆ ಇದಕ್ಕೆ ತದ್ವಿರುದ್ಧ: ನಡುಗೆಣ್ಣನ್ನು ಆರು ವಾರ ನೇರವಾಗಿ ಕಟ್ಟಿ, ತುದಿಗೆಣ್ಣನ್ನು ಮಾತ್ರ ಮಡಚಿಸುತ್ತಿರಬೇಕು. ಎರಡನ್ನೂ ಬೇರ್ಪಡಿಸಲು ಯಂತ್ರ ಬೇಡ. ಬೆರಳನ್ನು ಮೇಜಿನ ಅಂಚಿನಲ್ಲಿ ನಡುಗೆಣ್ಣಿನ ಬಳಿ ತೊಂಬತ್ತು ಡಿಗ್ರಿ ಮಡಚಿ, ಮೇಲಿನಿಂದ ತಡೆದು, ಚಾಚಲು ಹೇಳಬೇಕು. ನಡುಗೆಣ್ಣು ಬಲ ತೋರದೆ ತುದಿ ಮಾತ್ರ ಬಿರುಸಾಗಿ ನೆಟ್ಟಗಾದರೆ ನಡುಹುರಿ ಹೋಗಿದೆ ಎಂದರ್ಥ. ಎಲ್ಸನ್ ಪರೀಕ್ಷೆ ಎಂದು ಇದರ ಹೆಸರು.

ಎಳೆಯುವ ರೂಢಿಯಿಂದ ಕೇಡಾಗುವುದು ಇಲ್ಲೇ. ಒಳಗೆ ಮೂಳೆ ಬಿರಿದಿದ್ದರೆ ಎಳೆತಕ್ಕೆ ಅದು ಜರುಗುತ್ತದೆ, ಅರೆ ಹರಿದದ್ದು ಪೂರ್ತಿ ಹರಿಯುತ್ತದೆ. ಕೀಲು ತಪ್ಪಿದ ಬೆರಳನ್ನೂ ಎಕ್ಸ್‌ರೇ ನೋಡಿ, ತಿಳಿದವರೇ ಕೂರಿಸಬೇಕು. ನಾಟಿ ವೈದ್ಯರ ಕಟ್ಟಿನ ಬಗ್ಗೆಯೂ ಒಂದು ಮಾತು. ಬಿದಿರು ದಬ್ಬೆಯಿಟ್ಟು ಕಟ್ಟಿ ಅಲುಗದಂತೆ ಹಿಡಿಯುವ ತತ್ವ ತಪ್ಪಲ್ಲ. ಆದರೆ ನಡುಗೆಣ್ಣು ಬಾಗಿದ ಸ್ಥಿತಿಯಲ್ಲೇ ವಾರಗಟ್ಟಲೆ ಉಳಿದರೆ ಅದರ ಅಂಗೈ ಕಡೆಯ ಪಟ್ಟಿ ಕುಗ್ಗಿ, ಬೆರಳು ಮತ್ತೆ ನೆಟ್ಟಗಾಗುವುದಿಲ್ಲ. ಮುಷ್ಟಿ ಕಟ್ಟಿದಾಗ ಒಂದು ಬೆರಳು ಇನ್ನೊಂದರ ಮೇಲೇರಿದರೆ, ತುದಿ ಮಡಚಲೇ ಬಾರದಿದ್ದರೆ, ಮರಗಟ್ಟಿದರೆ, ಗಾಯ ತೆರೆದಿದ್ದರೆ ಅದೇ ದಿನ ತಾಲ್ಲೂಕು ಆಸ್ಪತ್ರೆಗೋ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೋ ಹೋಗಬೇಕು. ತುದಿ ಮಡಚುವ ಕೆಳಹುರಿ ಎಲುಬಿನಿಂದ ಕಿತ್ತಿದ್ದರೆ ಅದನ್ನು ಹೊಲಿದು ಸೇರಿಸಲು ಮೊದಲ ವಾರ, ಹತ್ತು ದಿನವೇ ಒಳ್ಳೆಯ ಕಾಲ.

ಹೆಬ್ಬೆರಳಿನ ಬುಡದಲ್ಲಿ ಒಳಮಗ್ಗುಲಿನ ಅಸ್ಥಿರಜ್ಜು ಹಿಗ್ಗುವುದು ಬ್ಲಾಕರುಗಳಿಗೂ ಲಿಫ್ಟರುಗಳಿಗೂ ಆಗುವ ಪೆಟ್ಟು. ಪೂರ್ತಿ ಹರಿದದ್ದಕ್ಕೆ ಶಸ್ತ್ರಚಿಕಿತ್ಸೆ ಬೇಕಾಗುವುದುಂಟು, ಅರೆ ಹರಿದದ್ದಕ್ಕೆ ನಾಲ್ಕರಿಂದ ಆರು ವಾರ ಹೆಬ್ಬೆರಳನ್ನು ಹಿಡಿದಿಡುವ ಸ್ಪ್ಲಿಂಟ್. ವಿದ್ಯಾರ್ಥಿನಿಯರ ವಿಷಯದಲ್ಲಿ ಇಲ್ಲೊಂದು ತೊಡಕಿದೆ. ಹಿಟ್ಟಿನ ಮಡಕೆಯನ್ನು ಒತ್ತಿಹಿಡಿದು ಮುದ್ದೆಕೋಲಿನಿಂದ ತಿರುವುವಾಗ, ಬಟ್ಟೆ ಹಿಂಡುವಾಗ ಭಾರವೆಲ್ಲ ಬೀಳುವುದು ಹೆಬ್ಬೆರಳಿನ ಅದೇ ಮಗ್ಗುಲಿಗೆ. ಆಟಕ್ಕೆ ಬಿಡುವು ಕೊಟ್ಟು ಅಡಿಗೆಮನೆಗೆ ಬಿಡುವು ಕೊಡದ ಚಿಕಿತ್ಸೆ ಅರ್ಧ ಚಿಕಿತ್ಸೆ.

ತಡೆ ಮತ್ತು ಮರಳಿಕೆ

ತಡೆಯುವ ಕೆಲಸ ಚೆಂಡಿನಿಂದ ಶುರುವಾಗಬೇಕು. ನಿಯಮದ ಒತ್ತಡ ಚದರ ಸೆಂಟಿಮೀಟರಿಗೆ 0.30ರಿಂದ 0.325 ಕಿಲೋಗ್ರಾಂ, ಸೈಕಲ್ ಪಂಪಿನಲ್ಲಿ ಅಂದಾಜಿಗೆ ಗಾಳಿ ತುಂಬಿದ ಚೆಂಡು ಕಲ್ಲಿನಂತಿರುತ್ತದೆ. ಒತ್ತಡ ಅಳೆಯುವ ಮಾಪಕ ಪಿಟಿ ಮೇಷ್ಟ್ರ ಕೈಯಲ್ಲಿ ಇರಬೇಕಾದ ಸಲಕರಣೆ. ಹಾಸನ ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ, ಡಿಸೆಂಬರ್-ಜನವರಿಯ ಮುಂಜಾನೆ ಕೈ ಸೆಟೆದಿರುತ್ತದೆ. ಬೆರಳುಗಳನ್ನು ಐದು ನಿಮಿಷ ಆಡಿಸಿ ಬಿಸಿ ಮಾಡದೆ ಬ್ಲಾಕಿಗೆ ಏಳಿಸಬಾರದು. ಬ್ಲಾಕಿನ ಕಲಿಕೆಯಲ್ಲಿ ತಿದ್ದಬೇಕಾದ ದೊಡ್ಡ ತಪ್ಪು ತಡವಾಗಿ ಏಳುವ ಕೈ. ಚೆಂಡು ಬರುವ ಮೊದಲೇ ಕೈ ನೆಟ್ಟಿನಾಚೆ ಚಾಚಿ, ಬೆರಳು ಅಗಲಿಸಿ ಬಿಗಿ ಹಿಡಿದಿದ್ದರೆ ಚೆಂಡು ಅಂಗೈಗೆ ಬಡಿಯುತ್ತದೆ. ಇನ್ನೂ ಏಳುತ್ತಿರುವ ಕೈಗಾದರೆ ಬೆರಳ ತುದಿಗೇ.

ಬಲ ತುಂಬುವ ವ್ಯಾಯಾಮಕ್ಕೆ ಜಿಮ್ ಬೇಕಿಲ್ಲ. ಅಕ್ಕಿಯ ಬಕೆಟ್ಟಿನಲ್ಲಿ ಬೆರಳಾಡಿಸುವ ಪದ್ಧತಿ ಕ್ರೀಡಾಪಟುಗಳಲ್ಲಿ ಹಳೆಯದು, ನಮ್ಮಲ್ಲಿ ರಾಗಿ ತುಂಬಿದ ಡಬ್ಬವೇ ಸಾಕು. ಸೈಕಲ್ ಟ್ಯೂಬಿನ ಅಗಲ ಪಟ್ಟಿಯೊಂದನ್ನು ಐದೂ ಬೆರಳಿಗೆ ತೊಡಿಸಿ ಅಗಲಿಸುವುದು ಚಾಚುವ ಸ್ನಾಯುಗಳಿಗೆ. ಕೊಕ್ಕೆಯಂತೆ, ಮೇಜಿನಂತೆ, ಪೂರ್ತಿ ಮುಷ್ಟಿಯಾಗಿ ಬೆರಳು ಮಡಚುವ ಸರಣಿ ಹುರಿಗಳು ಅಂಟಿಕೊಳ್ಳದಂತೆ ಕಾಯುತ್ತದೆ.

ಹೊಳೆನರಸೀಪುರ, ಚನ್ನರಾಯಪಟ್ಟಣಗಳಿಂದ ಹಾಸನಕ್ಕೆ ಬರಲು ರೈಲೂ ಉಂಟು. ಅರಕಲಗೂಡಿಗೆ ಬಸ್ಸೇ ಗತಿ. ವಾರಕ್ಕೆ ಮೂರು ದಿನ ಬನ್ನಿ ಎಂದರೆ ತರಗತಿ, ಕೂಲಿ, ಹೊಲದ ಕೆಲಸ ಬಿಟ್ಟು ಯಾರೂ ಬರಲಾರರು. ಮೂರೋ ನಾಲ್ಕೋ ಭೇಟಿಗಳನ್ನು ಸರಿಯಾದ ವಾರಗಳಿಗೆ ಗೊತ್ತುಮಾಡಿ, ನಡುವಿನ ನಿಗಾವನ್ನು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಿಗೆ ವಹಿಸುವುದೇ ನಡೆಯಬಲ್ಲ ದಾರಿ. ಹಿಡಿತದ ಬಲ ಅಳೆಯುವ ಉಪಕರಣ ಇಲ್ಲದ ಕಡೆ ಬಿಪಿ ನೋಡುವ ಪಟ್ಟಿಯನ್ನು ಸುರುಳಿ ಸುತ್ತಿ, 20 ಮಿ.ಮೀ. ಪಾದರಸಕ್ಕೆ ಗಾಳಿ ತುಂಬಿ, ಎರಡು ಕೈಯಲ್ಲೂ ಹಿಂಡಿಸಿ ಮುಳ್ಳು ನೋಡಬಹುದು. ಪೆಟ್ಟಾದ ಕೈ ಇನ್ನೊಂದರ ಸಮಕ್ಕೆ ಬರುವವರೆಗೆ ಬ್ಲಾಕ್ ಬೇಡ.

ಜೋತ ತುದಿಗೆಣ್ಣಿನವನು ಮರಳುವ ಕ್ರಮ ಹೀಗಿರಲಿ: ಸ್ಪ್ಲಿಂಟಿನ ಅವಧಿ ಮುಗಿದ ಮೇಲೆ ಇನ್ನೆರಡರಿಂದ ನಾಲ್ಕು ವಾರ ರಾತ್ರಿ ಮಾತ್ರ ಸ್ಪ್ಲಿಂಟ್. ಹಗಲು ಮೊದಲು ರಾಗಿ ಡಬ್ಬ, ಆಮೇಲೆ ಕೆಳಗೈ ಪಾಸ್, ಆಮೇಲೆ ಹಗುರವಾದ ಲಿಫ್ಟ್. ಹಾಲು ಕರೆಯುವುದು ಅದರ ನಂತರ, ಬ್ಲಾಕ್ ಕಟ್ಟಕಡೆಗೆ. ಪ್ರತಿ ಹಂತಕ್ಕೂ ಮುನ್ನ ಬೆರಳನ್ನು ಮೇಜಿನ ಮೇಲಿಟ್ಟು ಪಕ್ಕದಿಂದ ನೋಡಬೇಕು. ಉಗುರಿನ ಬಳಿ ಒಂದಿಷ್ಟು ಇಳಿಜಾರು ಕಂಡರೂ ಅಂದೇ ಸ್ಪ್ಲಿಂಟ್ ಮತ್ತೆ ಏರಬೇಕು, ವಾರದ ಎಣಿಕೆ ಒಂದರಿಂದ.