ನಿಸರ್ಗಸ್ನೇಹಿ ಬೀದಿದೀಪ

ರಸ್ತೆಗೆ ಬೇಕಾದಷ್ಟೇ ಬೆಳಕನ್ನು ಬೇಕಾದ ಹೊತ್ತಿನಲ್ಲಿ ಮಾತ್ರ ಒದಗಿಸಿ, ನಿಶಾಚರ ಜೀವಿಗಳಿಗೂ ಇರುಳಿನ ಆಕಾಶಕ್ಕೂ ಆದಷ್ಟು ಕಡಿಮೆ ಧಕ್ಕೆ ತರುವಂತೆ ರೂಪಿಸಿದ ಸಾರ್ವಜನಿಕ ದೀಪವ್ಯವಸ್ಥೆ. ಬೆಳಕಿನ ಮಾಲಿನ್ಯ ನಿಯಂತ್ರಣದ ಒಂದು ವಿಧಾನ. ಖಗೋಳ ವೀಕ್ಷಣಾಲಯಗಳಿಗೆ ಕತ್ತಲ ಆಕಾಶ ಬೇಕಾಗಿರುವುದು ಇದರ ಹಿನ್ನೆಲೆ. ಅಮೆರಿಕದ ಫ್ಲ್ಯಾಗ್‌ಸ್ಟಾಫ್ ನಗರ 1958ರಲ್ಲೇ ಜಾಹೀರಾತಿನ ಶೋಧದೀಪಗಳನ್ನು ನಿರ್ಬಂಧಿಸಿತು. ಸ್ಪೇನಿನ ಲಾ ಪಾಲ್ಮಾ ದ್ವೀಪದ ಆಕಾಶರಕ್ಷಣೆಗೆ 1988ರಲ್ಲಿ ಕಾನೂನು ಬಂತು.

ದೀಪದ ಮೇಲ್ಭಾಗ ಮುಚ್ಚಿದ್ದು ಬೆಳಕು ನೆಲಕ್ಕಷ್ಟೇ ಬೀಳುವುದು, ವರ್ಣತಾಪ 3000 ಕೆಲ್ವಿನ್ ಮೀರದಿರುವುದು, ಸಂಚಾರ ಇಳಿದಾಗ ಪ್ರಕಾಶ ತಗ್ಗುವುದು ಇದರ ಮುಖ್ಯ ಲಕ್ಷಣಗಳು. ನೀಲಿ ಅಂಶ ಹೆಚ್ಚಿರುವ ಬಿಳಿ ಎಲ್‌ಇಡಿ ಬೆಳಕು ವಾತಾವರಣದಲ್ಲಿ ಹೆಚ್ಚು ಚದುರುತ್ತದೆ, ಕೀಟಗಳನ್ನೂ ಹೆಚ್ಚು ಸೆಳೆಯುತ್ತದೆ. ಆದ್ದರಿಂದ ಸೌರಫಲಕವಿದ್ದ ಮಾತ್ರಕ್ಕೆ ದೀಪ ನಿಸರ್ಗಸ್ನೇಹಿ ಎನಿಸದು. ಅದು ಉಳಿಸುವುದು ವಿದ್ಯುತ್ತನ್ನೇ ಹೊರತು ಕತ್ತಲೆಯನ್ನಲ್ಲ.

ಬೆಳಕಿನ ಬಣ್ಣವನ್ನು ಸ್ಥಳೀಯ ಜೀವಿಗಳಿಗೆ ತಕ್ಕಂತೆ ಆಯ್ದುಕೊಳ್ಳಲಾಗುತ್ತದೆ. ನೆದರ್ಲೆಂಡ್ಸಿನ ನ್ಯೂಕೂಪ್‌ನಲ್ಲಿ 2018ರಲ್ಲಿ ಕೆಂಪು ಎಲ್‌ಇಡಿ ಬೀದಿದೀಪಗಳನ್ನು ಅಳವಡಿಸಲಾಯಿತು. ಬೆಳಕಿಗೆ ಅಂಜುವ ಕೆಲವು ಬಾವಲಿ ಪ್ರಭೇದಗಳು ಬಿಳಿ, ಹಸಿರು ದೀಪಗಳಿಂದ ದೂರ ಸರಿದರೂ ಕೆಂಪು ಬೆಳಕಿನಲ್ಲಿ ಕತ್ತಲಲ್ಲಿದ್ದಂತೆಯೇ ಹಾರಾಡುವುದು ಆ ದೇಶದ ಪ್ರಯೋಗಗಳಲ್ಲಿ ಕಂಡುಬಂದಿತ್ತು. ಫ್ಲಾರಿಡಾದ ಕಡಲತೀರಗಳಲ್ಲಿ ಮೊಟ್ಟೆಯೊಡೆದ ಆಮೆಮರಿಗಳು ಕಡಲನ್ನು ಬಿಟ್ಟು ರಸ್ತೆಯತ್ತ ಸಾಗದಂತೆ 560 ನ್ಯಾನೊಮೀಟರ್‌ಗಿಂತ ಉದ್ದದ ತರಂಗಾಂತರದ ಹಳದಿಗೆಂಪು ದೀಪಗಳನ್ನು ಬಳಸುತ್ತಾರೆ.

ಭಾರತದಲ್ಲಿ ಇರುಳಿನ ಆಕಾಶದ ರಕ್ಷಣೆಗಾಗಿ ಲಡಾಖ್‌ನ ಹಾನ್ಲೆ ಪ್ರದೇಶ 2022ರಲ್ಲಿ ಕತ್ತಲಾಕಾಶ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಅಲ್ಲಿನ ವೀಕ್ಷಣಾಲಯವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುತ್ತದೆ.